ಡ್ರೈವರಣ್ಣನ ಶವಾಸನ

ಸಂಜೆ ಮಹಡಿ ಮೇಲಿನ ಯೋಗದ ಕ್ಲಾಸಿಗೆ ಡೀಸೆಲ್ ವಾಸನೆ ಬಂತೆಂದರೆ ಹಿಂದೆಯೇ ನಮ್ಮ ಡ್ರೈವರಣ್ಣ ಬಂದನೆಂದು ತಿಳಿಯಬೇಕು. ಇಡೀ ದಿನ ಸಿಟಿ ಬಸ್ಸು ಓಡಿಸಿ, ಹಾರ್ನು, ಬೈಗುಳ ಎರಡನ್ನೂ ನುಂಗಿಕೊಂಡು ಬರುವ ಈ ಮನುಷ್ಯ ಚಾಪೆ ಹಾಸುವುದು ಮಾತ್ರ ಯಾವತ್ತೂ ಎದುರಿನ ಬಲ ಮೂಲೆಯಲ್ಲೇ, ಬಸ್ಸಿನಲ್ಲಿ ಡ್ರೈವರ್ ಸೀಟು ಇರುವ ಕಡೆ. ಬಾಗಿಲಲ್ಲಿ ಗುಂಪುಗಟ್ಟಿದವರಿಗೆ, "ಒಳಗಡೆ ನಡೀರಿ, ಮಧ್ಯದಲ್ಲಿ ಜಾಗ ಖಾಲಿ ಇದೆ" ಎನ್ನುತ್ತಾನೆ. ಸೊಂಟ ತಿರುಗಿಸುವ ಮೊದಲು ಪಕ್ಕದ ಕನ್ನಡಿ ನೋಡುವವನಂತೆ ಕಣ್ಣು ಹೊರಳಿಸುತ್ತಾನೆ. ಉಸಿರು ಬಿಡಿ ಎಂದರೆ ಬಸ್ಸಿನ ಬಾಗಿಲು ತೆರೆದಂತೆ ಉಸ್ಸೆಂದು ಬಿಡುತ್ತಾನೆ; ಪಕ್ಕದವರು ಇಳಿಯುವುದೊಂದು ಬಾಕಿ. ಆದರೆ ಶವಾಸನದಲ್ಲಿ ನಾವೆಲ್ಲ ಕೈಕಾಲು ಚೆಲ್ಲಿ ಬಿದ್ದುಕೊಂಡ ಮೇಲೂ ಅವನ ಬಲಗಾಲೊಂದು ಬ್ರೇಕ್ ಒತ್ತಿದಂತೆ ಬಿಗಿಯಾಗಿ ಗಾಳಿಯನ್ನು ಒತ್ತುತ್ತಲೇ ಇರುತ್ತಿತ್ತು. "ಕಾಲು ಸಡಿಲ ಬಿಡಿ ಅಣ್ಣ" ಎಂದು ಟೀಚರಮ್ಮ ಹೇಳಿ ಹೇಳಿ ಸೋತರು. ಒಂದು ದಿನ ಅವನು ಮಂಪರಿನಲ್ಲೇ, ಕಣ್ಣು ತೆರೆಯದೆ, "ಹೇಗೆ ಬಿಡೋದು ಮೇಡಂ, ಹಿಂದೆ ಅಷ್ಟು ಜನ ಇದಾರೆ" ಅಂದ. ನಾವು ನಕ್ಕೆವು, ಟೀಚರಮ್ಮ ನಗಲಿಲ್ಲ. ಮಾರನೆಯ ಸಂಜೆ ಅವನ ಚಾಪೆಯನ್ನು ಮುಂದಕ್ಕೆಳೆದು, ಅಂಗಾಲು ಗೋಡೆಗೆ ತಾಗುವ ಹಾಗೆ ಮಲಗಿಸಿದರು. ಬಲಗಾಲು ಗೋಡೆಯನ್ನು ಒಮ್ಮೆ ಗಟ್ಟಿಯಾಗಿ ಒತ್ತಿತು. ಗೋಡೆ ಅಲುಗಲಿಲ್ಲ. ಬಸ್ಸು ನಿಂತಿದೆ ಎಂದು ಕಾಲಿಗೆ ಖಾತ್ರಿಯಾಯಿತೇನೋ, ಬೆರಳುಗಳು ಒಂದೊಂದಾಗಿ ಸಡಿಲವಾದವು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಕ್ಲಾಸು ಮುಗಿದರೂ ಯಾರೂ ಅವನನ್ನು ಎಬ್ಬಿಸಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬೊಬ್ಬರಾಗಿ, ತಳ್ಳಾಟವಿಲ್ಲದೆ ಇಳಿದುಹೋದೆವು.