ಗಾಳಿ ಕುಡಿಯುವ ಕಾರಿಗೆ ಯಾವ ಎಣ್ಣೆ?

ಸಂಸಾರಕ್ಕೆ ಆಗುವಂಥ ಕಾರು ನೋಡಿಕೊಂಡು ಬರುತ್ತೇನೆಂದು ಹೋದ ನಮ್ಮ ಯಜಮಾನರು ಎರಡೇ ಸೀಟಿನ ಕಾರಿನಲ್ಲಿ ಬಂದಿಳಿದರು. ಅರವತ್ತರ ದಶಕದ ಮಧ್ಯದ ಮಾತು. ಮದ್ರಾಸಿನ ಕೀಲ್ಪಾಕಿನಲ್ಲಿ ನಮ್ಮದೊಂದು ಬಾಡಿಗೆ ಮನೆ. ಅವರಿಗೆ ರೈಲ್ವೆ ಕಚೇರಿಯಲ್ಲಿ ಕೆಲಸ, ನನಗೆ ವಿಮಾ ಕಚೇರಿಯಲ್ಲಿ. ತಾಯ್ನಾಡಿಗೆ ಗಂಟುಮೂಟೆ ಕಟ್ಟಿದ್ದ ಜರ್ಮನ್ ಇಂಜಿನಿಯರೊಬ್ಬ ತನ್ನ ಹಳೆಯ ಸ್ಪೋರ್ಟ್ಸ್ ಕಾರನ್ನು ಇವರ ತಲೆಗೆ ಕಟ್ಟಿದ್ದ. ಉಜ್ಜಿ ನುಣುಪು ಮಾಡಿದ ಆಮೆಯ ಹಾಗಿತ್ತು, ಕೆಂಪು ಬಣ್ಣ. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ರೇಡಿಯೇಟರ್ ಅನ್ನುವುದೇ ಇಲ್ಲ.

"ಇದಕ್ಕೆ ನೀರೇ ಬೇಡ ಮಾರಾಯ್ತಿ. ಗಾಳಿಯಲ್ಲೇ ತಣ್ಣಗಾಗ್ತದೆ" ಎಂದರು ಹೆಮ್ಮೆಯಿಂದ.

"ಮದ್ರಾಸಲ್ಲಿ ತಣ್ಣಗಿರೋ ಗಾಳಿ ಎಲ್ಲಿದೆ ರೀ?" ಎಂದೆ.

ಅವರು ಉಡುಪಿ ಕಡೆಯವರು, ನಾನು ಮೈಸೂರಿನವಳು. ನಮ್ಮ ಮನೆಯಲ್ಲಿ ಜಗಳವೂ ಎರಡು ಕನ್ನಡದಲ್ಲಿ ನಡೆಯುತ್ತಿತ್ತು. ಆದರೆ ಈ ಸಲ ಅವರು ಜಗಳವಾಡದೆ ತಲೆ ಕೆರೆದುಕೊಂಡರು. ನೀರಿಲ್ಲದ ಎಂಜಿನ್ನಿಗೆ ಗಾಳಿ ಬಿಟ್ಟರೆ ಎಣ್ಣೆಯೇ ದಿಕ್ಕು. ಸವೆತ ತಡೆಯುವುದೂ ಅದೇ, ಶಾಖ ಹೊತ್ತು ಸಾಗಿಸುವುದೂ ಅದೇ. ಇದ್ದ ಎಣ್ಣೆಯನ್ನು ಇಳಿಸಿ ನೋಡಿದರೆ ಕಾಡಿಗೆಯ ಹಾಗೆ ಬಂತು. ಹೊಸದು ಹಾಕಲೇಬೇಕು. ಯಾವುದನ್ನು?

ಎಂಜಿನ್ನಿನ ಮುಚ್ಚಳದ ಒಳಗೆ ಜರ್ಮನ್ ಭಾಷೆಯ ಚೀಟಿಯೊಂದನ್ನು ಅಂಟಿಸಿದ್ದರು. ನಮಗೆ ಓದಲು ಬಂದದ್ದು ಅಂಕಿಗಳು ಮಾತ್ರ. ಸೂರ್ಯನ ಚಿತ್ರದ ಪಕ್ಕದಲ್ಲಿ ಮೂವತ್ತು ಎಂದಿತ್ತು. ಎಣ್ಣೆಯ ದಪ್ಪಕ್ಕೆ ಹಾಗೆ ನಂಬರು ಕೊಡುತ್ತಾರೆ. ನಂಬರು ದೊಡ್ಡದಾದಷ್ಟೂ ಎಣ್ಣೆ ಮಂದ. "ಬೇಸಿಗೆಗೆ ಮೂವತ್ತು. ಮುಗೀತಲ್ಲ" ಎಂದರು ಯಜಮಾನರು.

"ಅವರ ಬೇಸಿಗೆ ಅಂದ್ರೆ ಇಲ್ಲಿನ ಮಾರ್ಗಳಿ ತಿಂಗಳ ಚಳಿ ಕಣ್ರೀ. ಇಲ್ಲಿಗೆ ನಲವತ್ತೇ ಸರಿ."

"ಕಾರು ಮಾಡಿದವರಿಗಿಂತ ನಿಂಗೆ ಹೆಚ್ಚು ಗೊತ್ತುಂಟಾ?"

ನನಗೆ ಗೊತ್ತಿದ್ದದ್ದು ಮದ್ರಾಸಿನ ಬಿಸಿಲು ಮಾತ್ರ.

ಅಷ್ಟರಲ್ಲಿ ಅವರ ಗೆಳೆಯರೊಬ್ಬರು ನಡುವೆ ಬಾಯಿ ಹಾಕಿದರು. ರೇಸಿನ ಹುಚ್ಚಿನ ಮನುಷ್ಯ, ಯಾವಾಗ ನೋಡಿದರೂ ಕತ್ತಿಗೆ ರೇಷ್ಮೆ ಕರವಸ್ತ್ರ. ಸ್ಪೋರ್ಟ್ಸ್ ಕಾರಿಗೆ ಹರಳೆಣ್ಣೆಯಿಂದ ಮಾಡಿದ ರೇಸ್ ಎಣ್ಣೆಯನ್ನೇ ಹಾಕಬೇಕು, ಬೇರೆಯದನ್ನು ಹಾಕಿದರೆ ಕಾರಿಗೆ ಅವಮಾನ ಎಂದರು. ಯಜಮಾನರು ಜರ್ಮನ್ ಚೀಟಿಯನ್ನು ಅಲ್ಲೇ ಮರೆತರು. ಮೌಂಟ್ ರೋಡಿನ ಅಂಗಡಿಯಿಂದ ಡಬ್ಬಿಗಳು ಬಂದವು.

ಕಾರು ಓಡಿತು, ಚೆನ್ನಾಗಿಯೇ ಓಡಿತು. ಆದರೆ ಹೋದಲ್ಲೆಲ್ಲ ಹೊಗೆಯ ಜೊತೆ ಹರಳೆಣ್ಣೆಯ ಘಾಟು. ಆ ಕಾಲದ ಮಕ್ಕಳಿಗೆ ಆ ವಾಸನೆ ಯಾವುದೆಂದು ಹೇಳಿಕೊಡಬೇಕಾಗಿರಲಿಲ್ಲ. ಭೇದಿಗೆ ಕುಡಿಸುತ್ತಾರೆಂದು ತಿಳಿದು, ನಮ್ಮ ಕಾರು ತಿರುವಿನಲ್ಲಿ ಕಂಡರೆ ಸಾಕು, ಗೋಲಿ ಬಿಟ್ಟು ಮನೆಯೊಳಗೆ ಓಡುತ್ತಿದ್ದವು. ಪಕ್ಕದ ಮನೆಯ ಮಾಮಿ ಗೋಡೆಯಾಚೆಯಿಂದ ಕೇಳಿದರು: "ಯಾರುಕ್ಕು ವಿಳಕ್ಕೆಣ್ಣೆ ಕುಡುತ್ತೀಂಗ?" ಹರಳೆಣ್ಣೆ ಕುಡಿಸಿದ್ದು ಕಾರಿಗೆ ಎಂದರೆ ಅವರು ನಂಬಲಿಲ್ಲ. ನಮ್ಮ ಹೊಟ್ಟೆ ಕೆಟ್ಟಿರಬೇಕೆಂದು ಮಜ್ಜಿಗೆ ಕಳುಹಿಸಿಕೊಟ್ಟರು.

ಕೆಲವು ದಿನ ನಿಲ್ಲಿಸಿದ್ದ ಕಾರನ್ನು ಮತ್ತೆ ತೆಗೆದಾಗ ಎಣ್ಣೆ ಅಂಟಂಟಾಗತೊಡಗಿತ್ತು. ಆ ರೇಸಿನ ಗೆಳೆಯರನ್ನು ಕೇಳಿದರೆ, "ಓ, ರೇಸ್ ಮುಗಿದ ಕೂಡ್ಲೇ ನಾವದನ್ನ ಇಳಿಸಿಬಿಡ್ತೇವಲ್ಲ, ಹೇಳ್ಲಿಲ್ವಾ?" ಎಂದರು. ಹೇಳಿರಲಿಲ್ಲ. ಅದನ್ನೆಲ್ಲ ಬಸಿದು, ತೊಳೆದು, ಜರ್ಮನ್ ಚೀಟಿಯ ಪ್ರಕಾರ ಮೂವತ್ತು ನಂಬರಿನ ಎಣ್ಣೆ ಹಾಕಿದೆವು.

ಆಗ ಬಂತು ಸಿನಿಮಾದವರ ಕರೆ. ಯಜಮಾನರ ಅಣ್ಣ, ಅಂದರೆ ನನ್ನ ಭಾವ, ಮೈಲಾಪುರದಲ್ಲಿ ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಅಲ್ಲಿ ದಿನವೂ ದೋಸೆ ತಿನ್ನುತ್ತಿದ್ದ, ಕನ್ನಡ ಚಿತ್ರವೊಂದರ ಮ್ಯಾನೇಜರು ನಮ್ಮ ಕಾರನ್ನು ನೋಡಿ ಒಂದು ಹಾಡಿಗೆ ಬೇಕೆಂದರು. ನಮ್ಮನ್ನು ಕೇಳದೆ ಭಾವ ಒಪ್ಪಿಬಿಟ್ಟರು. ಯಜಮಾನರಿಗೆ ರಜೆ ಸಿಗಲಿಲ್ಲ. ಮದುವೆಗೆ ಮುಂಚೆಯೇ ಅಪ್ಪನ ಜೀಪಿನಲ್ಲಿ ಡ್ರೈವಿಂಗ್ ಕಲಿತಿದ್ದ ನಾನು ಕಾರನ್ನು ಕೋಡಂಬಾಕ್ಕಂನ ಸ್ಟುಡಿಯೋಗೆ ತೆಗೆದುಕೊಂಡು ಹೋದೆ.

ಅಲ್ಲಿ ಹೋದ ಮೇಲೆ ತಿಳಿದದ್ದು, ನಾಯಕನಿಗೆ ಕಾರು ಬಿಡಲು ಬಾರದು. ನಿರ್ದೇಶಕರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅಮ್ಮಾ, ದೂರದಿಂದ ತೆಗೆಯೋ ಶಾಟು. ಹೀರೋ ಕೋಟು ಟೋಪಿ ಹಾಕ್ಕೊಂಡು ನೀವೇ ಓಡಿಸಿಬಿಡಿ, ಯಾರಿಗೂ ಗೊತ್ತಾಗಲ್ಲ."

ಬೇಡ ಎನ್ನಲು ಮನಸ್ಸಾಗಲಿಲ್ಲ. ಸೆರಗು ಬಿಗಿದು, ಜಡೆಯನ್ನು ಕೋಟಿನೊಳಗೆ ತುರುಕಿ ಕುಳಿತೆ. ಪಕ್ಕದಲ್ಲಿ ನಾಯಕಿ. ಆಕೆ ನನ್ನನ್ನು ಪ್ರೇಮದಿಂದ ನೋಡುತ್ತಾ ಹಾಡಿಗೆ ತುಟಿಯಾಡಿಸಬೇಕು. "ಅಕ್ಕಾ, ನೀವು ಈ ಕಡೆ ತಿರುಗ್ಬೇಡಿ. ನಂಗೆ ನಗು ತಡೆಯೋಕಾಗ್ತಿಲ್ಲ" ಎಂದು ಪಿಸುಗುಟ್ಟಿದಳು.

ಓಡಿದ್ದು ಸ್ವಲ್ಪ, ನಿಂತದ್ದೇ ಹೆಚ್ಚು. ಸುಡು ಬಿಸಿಲು. ಇನ್ನೇನು ಶುರು, ಇನ್ನೇನು ಶುರು ಎಂದು ಎಂಜಿನ್ ಆರಿಸಲು ಬಿಡುತ್ತಿರಲಿಲ್ಲ. ಗಾಳಿ ಕುಡಿದು ಬದುಕುವ ಕಾರಿಗೆ ಅಲ್ಲಿ ಕುಡಿಯಲು ಸಿಕ್ಕಿದ್ದು ಕೆಂಡದಂಥ ಗಾಳಿ. ಮೀಟರಿನ ಕೆಳಗೆ ಎಣ್ಣೆಯ ದೀಪ ಮಿಣುಕಿತು. ಕಾದು ನೀರಾದ ಎಣ್ಣೆಗೆ ಒತ್ತಡ ಸಾಲುತ್ತಿಲ್ಲ ಎಂದು ಅದರ ಅರ್ಥ. ನಾನು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದೆ.

ನಿರ್ದೇಶಕರು ಓಡಿ ಬಂದರು. "ಯಾಕಮ್ಮಾ ಆಫ್ ಮಾಡಿದ್ರಿ? ಲೈಟು ಹೋಗ್ತಾ ಇದೆ!"

"ನಿಮ್ಮ ಲೈಟು ಹೋಗ್ತಾ ಇದೆ ಸಾರ್, ನಂದು ಬರ್ತಾ ಇದೆ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಅವರ ಸಹಾಯಕನಿಗೆ ಮಾತ್ರ ಕಾರು ಬಿಸಿಯಾಗಿದೆ ಎಂಬಷ್ಟು ಹೊಳೆಯಿತು. ಬಕೆಟ್ ಹಿಡಿದುಕೊಂಡು, "ತಣ್ಣಿ ಊತ್ತಿನಾ ಸರಿಯಾಯಿಡುಂ ಮಾ" ಎನ್ನುತ್ತಾ ಮುಂದಿನ ಮುಚ್ಚಳ ಎತ್ತಿದ. ನೀರು ಹೊಯ್ದರೆ ಸರಿಹೋಗುತ್ತದಂತೆ. ನಾನು "ಅಯ್ಯೋ, ಬೇಡ, ವೇಂಡಾಂ!" ಎಂದು ಎರಡು ಭಾಷೆಯಲ್ಲಿ ಕೂಗುವುದರೊಳಗೆ ಬಕೆಟ್ ಖಾಲಿಯಾಗಿತ್ತು. ಅದು ಡಿಕ್ಕಿ. ಅದರೊಳಗೆ ನಾಯಕಿಯ ಮುಂದಿನ ದೃಶ್ಯದ ರೇಷ್ಮೆ ಸೀರೆ ಇತ್ತು.

ಆಮೇಲೆ ಆದ ಗಲಾಟೆಯಲ್ಲಿ ಯಾರು ಯಾರನ್ನು ಬೈದರೋ ನೆನಪಿಲ್ಲ. ದೀಪದ ಕಂಬಗಳ ನಡುವೆ ಸೀರೆ ಕಟ್ಟಿ ಒಣಗಿಸಿದರು. ಅದು ಒಣಗುವಷ್ಟರಲ್ಲಿ ನನ್ನ ಎಂಜಿನ್ನೂ ತಣ್ಣಗಾಯಿತು. ನಾಯಕಿ ಮಾತ್ರ ನೆಲದ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಉಳಿದದ್ದನ್ನು ಮರುದಿನ ತೆಗೆಯುವುದೆಂದಾಯಿತು.

ಸಂಜೆ ಯಜಮಾನರನ್ನು ಕರೆದುಕೊಂಡು ನೇರವಾಗಿ ಭಾವನ ಹೋಟೆಲಿಗೆ ಹೋದೆ. ದಾರಿಯಲ್ಲಿ ಮೂವತ್ತರದೊಂದು ಡಬ್ಬಿ, ನಲವತ್ತರದು ಕೆಲವು ಡಬ್ಬಿ ಕೊಂಡಿದ್ದೆ. ಭಾವ ಎರಡೂ ಎಣ್ಣೆಯನ್ನು ಬೆರಳಿನ ಮಧ್ಯೆ ಹಿಡಿದು, ಸಕ್ಕರೆ ಪಾಕ ನೋಡುವ ಹಾಗೆ ಎಳೆ ತೆಗೆದು ನೋಡಿದರು. "ಎಂತ ವ್ಯತ್ಯಾಸ ಇಲ್ಲ ಮಾರಾಯ. ಯಾವ್ದಾದ್ರೂ ಹಾಕು" ಎಂದು ತಮ್ಮನಿಗೆ ತೀರ್ಪು ಕೊಟ್ಟರು.

"ತಣ್ಣಗಿದ್ದಾಗ ನೋಡಿದ್ರೆ ಏನು ಬಂತು ಭಾವ? ಎಂಜಿನ್ನಿನೊಳಗೆ ಅದು ಕಾದಿರತ್ತೆ. ಕಾಯಿಸಿ ನೋಡೋಣ" ಎಂದೆ.

ಎರಡು ಹಳೆಯ ಸೌಟು ತರಿಸಿ ಒಲೆಯ ಮೇಲೆ ಕಾಯಿಸಿದೆವು. ಅಡಿಗೆ ಭಟ್ಟರು ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ನಡೆದರು. ತಟ್ಟೆಯೊಂದನ್ನು ಓರೆಯಾಗಿ ಹಿಡಿದು ಎರಡನ್ನೂ ಒಟ್ಟಿಗೆ ಬಿಟ್ಟಾಗ ಮೂವತ್ತು ತಿಳಿಸಾರಿನ ಹಾಗೆ ಸರ್ರನೆ ಇಳಿದು ನೆಲ ಸೇರಿತು. ನಲವತ್ತೂ ಇಳಿಯಿತು, ಆದರೆ ಹೊಸ ಸೊಸೆಯ ಹಾಗೆ ನಿಧಾನವಾಗಿ.

ಯಜಮಾನರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಜರ್ಮನಿಯವ್ರು ಇಲ್ಲಿಗೆ ಬಂದು ನೋಡ್ಲಿಲ್ಲ ಕಾಣ್ತದೆ" ಎಂದರು. ಸೋತೆ ಎನ್ನಲು ಅವರಿಗೆ ಗೊತ್ತಿದ್ದ ರೀತಿ ಅದೊಂದೇ. ಹೋಟೆಲಿನ ಹಿಂದೆಯೇ ಮೂವತ್ತನ್ನು ಇಳಿಸಿ ನಲವತ್ತು ತುಂಬಿದೆವು. ಆ ಸೌಟುಗಳನ್ನು ಭಟ್ಟರು ಮತ್ತೆ ಅಡಿಗೆಮನೆಗೆ ಸೇರಿಸಲಿಲ್ಲ.

ಮರುದಿನವೂ ಅದೇ ಬಿಸಿಲು, ಅದೇ ಕಾಯುವಿಕೆ. ಆದರೆ ಎಣ್ಣೆಯ ದೀಪ ಒಮ್ಮೆಯೂ ಕಣ್ಣು ಬಿಡಲಿಲ್ಲ. ಭಾನುವಾರ ಯಜಮಾನರೇ ಕುಳಿತು ಪಲ್ಲಾವರಂ ದಾಟಿ ಬಹುದೂರ ಓಡಿಸಿದರು. ಗುಡ್ಡದ ಏರಿನಲ್ಲೂ ಎಂಜಿನ್ ಸದ್ದು ಕೆಡಲಿಲ್ಲ. ಬರುವಾಗ ಸ್ಟಿಯರಿಂಗನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ನಿದ್ದೆ ಮಾಡಿದರು.

ಚಿತ್ರ ಬಿಡುಗಡೆಯಾದಾಗ ಅದನ್ನು ನೋಡಲು ಬೆಂಗಳೂರಿಗೆ ಹೋದೆವು. ನಾಯಕಿಯ ಪಕ್ಕದಲ್ಲಿ ಕೋಟು ತೊಟ್ಟ ಬೆನ್ನು ಬಂದಾಗ ಮುಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ನಾನು ನಕ್ಕೆ. ಯಜಮಾನರು ನನ್ನ ಕಿವಿಯ ಹತ್ತಿರ ಬಗ್ಗಿ, "ಈ ಗೇರಿನಲ್ಲಿ ಇಷ್ಟು ಜೋರು ಹೋಗ್ಬಾರ್ದಿತ್ತು ನೀನು" ಎಂದರು.