ನೇರಳೆ ನಿಂತಷ್ಟು ಹೊತ್ತು

ಪಕ್ಕದ ಮನೆಯವರು ಒಣಮೆಣಸಿನಕಾಯಿ ಹುರಿದರೆ ನಾನು ಗೊಣಗುವುದಿಲ್ಲ. ಕಿಟಕಿ ಮುಚ್ಚಿ, ಗಡಿಯಾರ ನೋಡಿ, ಹತ್ತು ನಿಮಿಷಕ್ಕೆ ತೆರೆಯುತ್ತೇನೆ. ನಗಬೇಡಿ, ರೋಣದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ಮುದುಕನಾದವನ ಚಟವಿದು. "ಸರ್ ಸೀನೋದೂ ಗಂಟಿ ಹೊಡದ ಮ್ಯಾಲೆ" ಎಂದು ಹುಡುಗರು ಆಡಿಕೊಳ್ಳುತ್ತಿದ್ದರು.

ಇವತ್ತು ಆ ಘಾಟಿನೊಂದಿಗೆ ನೀಲವ್ವ ನೆನಪಾದಳು. ಲಕ್ಕಲಕಟ್ಟಿಯ ಕೂಲಿ ಹೆಂಗಸು. ವರ್ಷಗಳ ಹಿಂದೆ, ಮೆಣಸಿನಕಾಯಿ ಒಣಹಾಕಿದ ಕಣದಲ್ಲಿ ಉದುರಿದ ಬೀಜ ಗುಡಿಸಿ ತಂದು ಚಟ್ನಿಪುಡಿ ಕುಟ್ಟಿದ್ದಳು. ಅದನ್ನು ತಿಂದ ಆಕೆಗೂ ಆಕೆಯ ಅತ್ತೆಗೂ, ಜ್ವರದಲ್ಲಿ ತೀರಿಹೋಗಿದ್ದ ಮಗಳು ಕಾಣಿಸಿಕೊಂಡಳಂತೆ. ಇಡೀ ಹಗಲು ಹೊಸ್ತಿಲ ಮೇಲೆ ಕೂತು ಮಾತಾಡಿದಳಂತೆ. ಇಬ್ಬರೂ ದವಾಖಾನೆ ಸೇರಿ ಬದುಕಿಕೊಂಡರು. ಡಾಕ್ಟರು ಅವರ ಅರಳಿದ ಕಣ್ಣಿನ ಪಾಪೆ ನೋಡಿ, ಬೀಜದಲ್ಲಿ ದತ್ತೂರಿ ಬೆರೆತಿದೆ ಎಂದರು. ನಮ್ಮ ಕಡೆ ಅದಕ್ಕೆ ಮದಗುಣಿಕಿ ಎನ್ನುತ್ತಾರೆ. ನೀಲವ್ವ ನಂಬಲಿಲ್ಲ.

"ಇದರಾಗ ವಿಷ ಇಲ್ಲಂತ ಬರದು ಕೊಡ್ರಿ ಸರ" ಎಂದು ಉಳಿದ ಚಟ್ನಿಪುಡಿಯ ಡಬ್ಬಿಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ನನ್ನ ಮೇಜಿನ ಮೇಲಿಟ್ಟಳು. "ವಿಷ ಇಲ್ಲಂದ್ರ, ಬಂದಾಕಿ ಖರೇನ ನನ್ನ ಮಗಳು ಅಂತ ಆತಲ್ರಿ."

ನಾನು ಕ್ರಮ ತಪ್ಪಲಿಲ್ಲ. ಪುಡಿಯನ್ನು ಅಮೋನಿಯದಲ್ಲಿ ನೆನೆಸಿ, ಕ್ಲೋರೋಫಾರ್ಮ್ ಹಾಕಿ ಕುಲುಕಿ, ಆಲ್ಕಲಾಯ್ಡನ್ನು, ಎಂದರೆ ಗಿಡ ತನ್ನ ಕಾವಲಿಗೆ ಇಟ್ಟುಕೊಂಡ ಕಹಿಯನ್ನು, ಬೇರ್ಪಡಿಸಿದೆ. ಆರಿದಾಗ ಬಟ್ಟಲ ತಳದಲ್ಲಿ ಉಗುರಿನಷ್ಟು ಕಲೆ ಉಳಿಯಿತು. ಅದಕ್ಕೆ ನೈಟ್ರಿಕ್ ಆಮ್ಲ ಹಾಕಿ ಒಣಗಿಸಿ, ಮದ್ಯಸಾರದಲ್ಲಿ ಕರಗಿಸಿದ ಪೊಟ್ಯಾಷ್‌ನ ಒಂದು ಹನಿ ಬಿಟ್ಟೆ. ನೇರಳೆ ಬಣ್ಣ ಎದ್ದಿತು, ಕೆಂಪಾಯಿತು, ಮಾಯವಾಯಿತು.

ಬಾಗಿ ನೋಡುತ್ತಿದ್ದ ನೀಲವ್ವ ಉಸಿರೆಳೆದಳು. "ಇದ ಬಣ್ಣದ ಲಂಗಾ ಉಟ್ಟ ಬಂದಿದ್ಲರಿ ನನ್ನ ಮಗಳು. ನಮ್ಮತ್ತಿಗೂ ಇದ ಕಂಡಿತ್ತು."

"ವಿಷ ಐತಿ ನೀಲವ್ವಾ. ಮದಗುಣಿಕೀದು."

"ಇರಲಿ ಬಿಡ್ರಿ. ವಿಷ ಇಬ್ಬರಿಗೂ ಒಂದ ಲಂಗಾ ತೋರಸ್ತೈತೇನ್ರಿ?"

ಕಂಡದ್ದನ್ನು ಬರೆದು ಸಹಿ ಹಾಕಿದೆ. ಆಕೆ ಕಾಗದ ಮುಟ್ಟಲಿಲ್ಲ.

"ಉಳದ ಪುಡಿ ಹೊಳ್ಳಿ ಕೊಡ್ರಿ ಸರ. ಇನ್ನೊಂದ ಸಲ ಸಾಕು."

ಡಬ್ಬಿಯನ್ನು ತೊಟ್ಟಿಗೆ ಸುರಿದು ನಲ್ಲಿ ಬಿಟ್ಟೆ. ನೀಲವ್ವ ಬಾಗಿ, ನೀರು ಇಳಿಯುವ ತೂತಿಗೆ ಬಾಯಿಟ್ಟು ಮೆಲ್ಲಗೆ ಕೇಳಿದಳು: "ಹೊಂಟ್ಯಾ, ನನ್ನವ್ವಾ?"

ಅಂದು ನಾನು ಮಾಡಿದ್ದು ಸರಿ. ಬೇರೆಯವರ ಡಬ್ಬಿಯಾದರೆ ಇವತ್ತೂ ಹಾಗೆಯೇ ಸುರಿಯುತ್ತೇನೆ. ಆದರೆ ನನ್ನ ಹೆಂಡತಿ ತೀರಿಕೊಂಡು ಈ ತಿಂಗಳಿಗೆ ವರ್ಷವಾಯಿತು. ಹಿತ್ತಲಿನಲ್ಲಿ ಮದಗುಣಿಕಿಯೊಂದು ತಾನಾಗಿ ಹುಟ್ಟಿ ಬಿಳಿ ಹೂ ಬಿಟ್ಟಿದೆ. ಕಳೆ ಕೀಳುವುದು ನನ್ನ ಸೋಮವಾರದ ಕೆಲಸ. ಮೂರು ಸೋಮವಾರ ಕುರ್ಪಿ ಹಿಡಿದು ಹೋದೆ. ಮೂರು ಸಲವೂ ಸುತ್ತಲಿನದನ್ನೆಲ್ಲ ಕಿತ್ತು, ಅದಕ್ಕೆ ನೀರು ಹಾಕಿ ಬಂದೆ.