ಡ್ರಮ್ಮಣ್ಣನ ತಾಳ್ಮೆ

"ತಾಳ್ಮೇಲಿ ನನ್ನನ್ನ ಮೀರಿಸೋ ಬಂಡೆ ಇನ್ನೂ ಹುಟ್ಟಿಲ್ಲ" ಎಂಬುದು ಡ್ರಮ್ಮಣ್ಣನ ನಿತ್ಯದ ಜಂಬ. ಅವನು ಕೂರುವ ಸ್ಟೂಲು ಬೇರು ಬಿಟ್ಟಿದೆಯೆಂದೂ, ಆಮೆಯೊಂದು ಅವನ ಜೊತೆ ಕೂತು ಬೇಸತ್ತು ಓಡಿಹೋಯಿತೆಂದೂ ಕಾರ್ಖಾನೆಯಲ್ಲಿ ಹೇಳುತ್ತಾರೆ. ಆಮೆಯ ಮಾತು ನಿಜವೇ ಇರಬೇಕು.

ಅವನ ಕೆಲಸವೇ ಕಾಯುವುದು. ಮನೆಮನೆಯ ರದ್ದಿ ಕಾಗದವನ್ನು ಕಬ್ಬಿಣದ ಡ್ರಮ್ಮಿಗೆ ತುರುಕಿ, ಗಾಳಿಯಾಡದಂತೆ ಮುಚ್ಚಿ, ಹೊರಗಿನಿಂದ ಕಾಯಿಸಬೇಕು. ಗಾಳಿ ಸಿಗದ ಕಾಗದ ಉರಿಯದೆ ಇದ್ದಿಲಾಗುತ್ತದೆ. ಅದನ್ನು ನುಣ್ಣಗೆ ಅರೆದು, ಕರೆಂಟು ಕೂಡಿಡುವ ಪೆಟ್ಟಿಗೆಯ ತಗಡುಗಳಿಗೆ ಬಳಿಯುತ್ತಾರೆ. ಡ್ರಮ್ಮು ಪೂರ್ತಿ ತಣ್ಣಗಾಗುವ ಮೊದಲು ಮುಚ್ಚಳ ತೆಗೆದರೆ ಗಾಳಿ ನುಗ್ಗಿ ಬೂದಿಯೇ ಗತಿ.

ಈ ಸಲ ಒಳಗಿದ್ದದ್ದು ಅವನ ಮನೆಯದೇ ಕಾಗದ, ಹೆಂಡತಿಯ ಔಷಧಿಯ ರಟ್ಟಿನ ಡಬ್ಬಿಗಳು. ಹಾಸಿಗೆಯಲ್ಲೇ ಕೂತು, ಅಂಟುಟೇಪು ಕಿತ್ತು, ಹರಿದು ಕೊಟ್ಟವಳೂ ಅವಳೇ. ಮೊದಲೆಲ್ಲ ಅವಳು ಸಿಟ್ಟಾದರೆ ಪಕ್ಕದ ಮನೆಯ ಹಾಲು ಉಕ್ಕುತ್ತಿತ್ತು. ಈಗ ಬೈಯಲೂ ಉಸಿರು ಸಾಲದು. ಕರೆಂಟು ಹೋದರೆ ಅವಳ ಉಸಿರಾಟದ ಯಂತ್ರ ನಿಲ್ಲುತ್ತದೆ. ಕರೆಂಟೋ, ಬೆಕ್ಕಿನ ಹಾಗೆ ಹೇಳದೆ ಕೇಳದೆ ಹೋಗುತ್ತದೆ.

"ಈ ಇದ್ದಿಲು ಚೆನ್ನಾಗಿ ಬಂದ್ರೆ ಮೊದಲ ಪೆಟ್ಟಿಗೆ ಅತ್ತಿಗೇಗೇ, ಅಣ್ಣಾ" ಎಂದಿದ್ದಳು ಕಾರ್ಖಾನೆಯ ಇಂಜಿನಿಯರ್ ಹುಡುಗಿ.

ಮಧ್ಯಾಹ್ನ ಮನೆಯಿಂದ ಫೋನು ಬಂತು. "ರೀ... ಕರೆಂಟು ಹೋಯ್ತು." ಮಾತಿಗಿಂತ ಏದುಸಿರೇ ಹೆಚ್ಚಿತ್ತು.

ಡ್ರಮ್ಮಣ್ಣ ಎದ್ದ. ಬರಿಗೈಲಿ ಹೇಗೆ ಹೋಗುವುದು? ಪೆಟ್ಟಿಗೆ ಬಂದೇ ಬರುತ್ತದೆ ಎಂಬ ಮಾತನ್ನಾದರೂ ಒಯ್ಯೋಣವೆಂದು ಡ್ರಮ್ಮು ಮುಟ್ಟಿ ನೋಡಿದ. ಹೊರಮೈ ಕೈ ಸುಡಲಿಲ್ಲ. ಒಂದು ಚೂರು ಇಣುಕಿದರೆ ಏನಾದೀತು ಎಂದು ಮುಚ್ಚಳ ಸರಿಸಿದ. ಕಪ್ಪು ಚೂರುಗಳ ಅಂಚಿನಲ್ಲಿ ಕೆಂಪು ಗೆರೆ ಓಡಿತು. ಮುಚ್ಚಲು ಹೋದ, ಅವಸರದಲ್ಲಿ ಮುಚ್ಚಳ ಓರೆಯಾಗಿ ಕೂತಿತು. ಸರಿಪಡಿಸುವಷ್ಟರಲ್ಲಿ ಎಲ್ಲ ಬೂದಿ.

ಮನೆಗೆ ಓಡಿದವನು ಉಳಿದಿದ್ದ ರಟ್ಟಿನ ತುಂಡಿನಿಂದ ಅವಳಿಗೆ ಗಾಳಿ ಬೀಸುತ್ತಾ ಕೂತ. ತೋಳು ಸೋತರೂ ನಿಲ್ಲಿಸಲಿಲ್ಲ. ಅವಳ ಉಸಿರು ಒಂದಿಷ್ಟು ಹದಕ್ಕೆ ಬಂದ ಮೇಲೆ ನಡೆದದ್ದನ್ನು ಹೇಳಿದ.

"ಬೇಡದ ಕಡೆ ಗಾಳಿ ಬಿಟ್ಟು ಬಂದು ಇಲ್ಲಿ ಬೀಸ್ತಿದೀರಾ?" ಎಂದಳು, ತಡೆತಡೆದು. "ಬಂಡೆಯಂತೆ, ಬಂಡೆ!"

ಅವನು ರಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. ಕರೆಂಟು ಇನ್ನೂ ಬಂದಿರಲಿಲ್ಲ.

"ಇನ್ನೊಂದು ಡ್ರಮ್ಮು ಹಾಕಿ. ಈ ಸಲ ಮುಚ್ಚಳದ ಮೇಲೆ ನನ್ನನ್ನೇ ಕೂರಿಸಿ, ನೋಡೋಣ ಹೇಗೆ ತೆಗೀತೀರಾ ಅಂತ" ಎಂದಳು ಅವಳೇ.

"ನೀನು ಕೂತ್ರೆ ಅದು ತಣ್ಣಗಾಗೋದು ಯಾವಾಗ ಕಣೇ?" ಎಂದ ಡ್ರಮ್ಮಣ್ಣ, ಬೀಸುವುದನ್ನು ನಿಲ್ಲಿಸದೆ.